ಆರೋಪ ಬಂದ ಕೂಡಲೇ ತಂಡದಿಂದ ಹೊರಗೆ?

ಪ್ರಶ್ನೆ: ಮೈದಾನದಾಚೆಯ ಆರೋಪ ಬಂದಾಗ, ಸಾಬೀತಾಗುವ ಮೊದಲೇ ಆಟಗಾರನನ್ನು ಕೈಬಿಡುವುದು ಸರಿಯೇ?

ಉತ್ತರ: ಆರೋಪ ಎಷ್ಟು ಗಂಭೀರ ಎಂಬುದನ್ನು ನೋಡಬೇಕು. ಆಸ್ಟ್ರೇಲಿಯಾದ ರಗ್ಬಿ ಲೀಗ್ 2019ರಲ್ಲಿ ಇದಕ್ಕೊಂದು ಗೆರೆ ಎಳೆಯಿತು. 11 ವರ್ಷ ಅಥವಾ ಅದಕ್ಕೂ ಹೆಚ್ಚು ಜೈಲುಶಿಕ್ಷೆಗೆ ಅವಕಾಶವಿರುವ ಅಪರಾಧದ ಆರೋಪ ಪೊಲೀಸರು ಹೊರಿಸಿದರೆ, ಆಟಗಾರ ನಿಯಮದಂತೆಯೇ ಪಂದ್ಯಗಳಿಂದ ಹೊರಗೆ. ಆದರೆ ಸಂಬಳ ನಿಲ್ಲದು, ತಂಡದ ಜೊತೆ ಅಭ್ಯಾಸವನ್ನೂ ಮಾಡಬಹುದು. ತಪ್ಪಿತಸ್ಥನೆಂಬ ಹಣೆಪಟ್ಟಿಯೂ ಇಲ್ಲ. ಈ ನಿಯಮವನ್ನು ಪ್ರಶ್ನಿಸಿ ಕೋರ್ಟಿಗೆ ಹೋದ ಆಟಗಾರನೊಬ್ಬ ಸೋತ. ಮುಂದೆ 2021ರಲ್ಲಿ ಅವನ ಮೇಲಿನ ಪ್ರಕರಣವನ್ನು ಕೈಬಿಡಲಾಯಿತು. ಅಷ್ಟರಲ್ಲಿ ಎರಡು ಸೀಸನ್ ಪೂರ್ತಿ ಕೈತಪ್ಪಿದ್ದವು. ಸಂಬಳ ಬಂದರೂ ಕಳೆದ ಪ್ರಾಯ ಬರುವುದಿಲ್ಲವಲ್ಲ! ಆದರೂ ಈ ನಿಯಮವೇ ವಾಸಿ ಎನ್ನುತ್ತೇನೆ. ಸ್ಟಾರ್ ಆಟಗಾರನಿಗೂ ಬೆಂಚಿನವನಿಗೂ ಒಂದೇ ಅಳತೆ.

ಹೋಲಿಕೆಗೆ ನಮ್ಮದೇ ಉದಾಹರಣೆ ನೋಡಿ. ಅದೇ 2019ರಲ್ಲಿ, ಟಿವಿ ಶೋ ಒಂದರಲ್ಲಿ ಆಡಿದ ಮಾತಿಗಾಗಿ ಹಾರ್ದಿಕ್ ಪಾಂಡ್ಯ ಮತ್ತು ನಮ್ಮ ಕೆ.ಎಲ್. ರಾಹುಲ್ ಆಸ್ಟ್ರೇಲಿಯಾ ಪ್ರವಾಸದ ನಡುವೆಯೇ ಅಮಾನತಾಗಿ ವಾಪಸಾದರು. ವಿಚಾರಣೆ ನಡೆಸಬೇಕಿದ್ದ ಕ್ರಿಕೆಟ್ ಮಂಡಳಿಯ ಒಂಬುಡ್ಸ್‌ಮನ್ನರೇ ಇನ್ನೂ ನೇಮಕವಾಗಿರಲಿಲ್ಲ! ಎರಡೇ ವಾರದಲ್ಲಿ ಅಮಾನತು ತೆರವಾಯಿತು. ಏಪ್ರಿಲ್‌ನಲ್ಲಿ ತಲಾ 20 ಲಕ್ಷ ರೂಪಾಯಿ ದಂಡ ಬಿತ್ತು. ಅದರಲ್ಲಿ ಅರ್ಧ ಹುತಾತ್ಮ ಅರೆಸೇನಾ ಯೋಧರ ಕುಟುಂಬಗಳಿಗೆ, ಉಳಿದರ್ಧ ಅಂಧರ ಕ್ರಿಕೆಟ್‌ಗೆ.