ಕೈಪಿಡಿ ಹೇಳೋದೊಂದು, ಕಂಪ್ಯೂಟರ್ ಮಾಡೋದೊಂದು

ಬತ್ತಲಗುಂಡು ಬಸ್ ನಿಲ್ದಾಣದಲ್ಲಿ ನಿಂತು, "ಸಾರ್, ಕೊಡೈಕನಾಲ್ ಬಸ್ ಎಷ್ಟೊತ್ತಿಗೆ?" ಅಂತ ಟೈಮ್ ಕೀಪರನ್ನು ಕೇಳಿದಿರಿ ಎಂದುಕೊಳ್ಳಿ. ಅವರು ಡಿಪೋಗೆ ಫೋನ್ ಮಾಡಿ ಕೇಳಿ ಹೇಳಬಹುದು, ನೆನಪಿನಿಂದಲೇ ಹೇಳಿಬಿಡಲೂಬಹುದು. ಬಸ್ಸಿನ ವೇಳೆ ಬದಲಾದ ದಿನವೇ ನಿಮಗೆ ವ್ಯತ್ಯಾಸ ಗೊತ್ತಾಗೋದು.

ಕಂಪ್ಯೂಟರಿನ ಒಳಗೂ ಇಂಥ ಮಧ್ಯವರ್ತಿ ಇದೆ. ಲಿನಕ್ಸ್‌ನಲ್ಲಿ ಫೈಲು ತೆರೆಯುವಂಥ ಮೂಲ ಕೆಲಸಗಳೆಲ್ಲ ಕರ್ನಲ್‌ನ ಕೈಯಲ್ಲಿ. ಪ್ರೋಗ್ರಾಮು ಕರ್ನಲ್‌ಗೆ ಸಲ್ಲಿಸುವ ಕೋರಿಕೆಗೆ ಸಿಸ್ಟಂ ಕಾಲ್ ಎನ್ನುತ್ತಾರೆ. ಆದರೆ ಸಾಮಾನ್ಯವಾಗಿ ಪ್ರೋಗ್ರಾಮು ನೇರವಾಗಿ ಕೇಳುವುದಿಲ್ಲ. ಜಿಲಿಬ್‌ಸಿ ಎಂಬ ಲೈಬ್ರರಿಯ ಮೂಲಕ ಕೇಳುತ್ತದೆ.

ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ಕರ್ನಲ್ ಒಂದು ಸಂಖ್ಯೆ ಕೊಡುತ್ತದೆ, ನಿಮ್ಮ ಹಾಜರಿ ನಂಬರ್ ಇದ್ದ ಹಾಗೆ. ಅದನ್ನು ಕೇಳುವ ಕೋರಿಕೆಯ ಹೆಸರು ಗೆಟ್‌ಪಿಡ್. ಜಿಲಿಬ್‌ಸಿಯ 2.3.4ನೇ ಆವೃತ್ತಿಯಿಂದ ಲೈಬ್ರರಿ ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳತೊಡಗಿತು. ಪದೇಪದೇ ಕರ್ನಲ್‌ವರೆಗೆ ಹೋಗಿ ಬರುವುದು ತಪ್ಪಲಿ ಅಂತ. ಒಳ್ಳೇ ಉಪಾಯವೇ, ಅಲ್ವಾ?

ತೊಂದರೆ ಎಲ್ಲಿ ಬಂತು ನೋಡಿ. ಒಂದು ಪ್ರೋಗ್ರಾಮು ತನ್ನದೇ ನಕಲು ಮಾಡಿಕೊಂಡು 'ಮಗು'ವನ್ನು ಹುಟ್ಟಿಸಬಲ್ಲದು. ಮಗುವಿಗೆ ಹೊಸ ಸಂಖ್ಯೆ. ಲೈಬ್ರರಿಯನ್ನು ಬಿಟ್ಟು ನೇರವಾಗಿ ಕರ್ನಲ್‌ಗೇ ಹೇಳಿ ನಕಲು ಮಾಡಿಸಿದರೆ, ಆ ವಿಷಯ ಲೈಬ್ರರಿಗೆ ಗೊತ್ತೇ ಆಗುವುದಿಲ್ಲ. ಮಗು "ನನ್ನ ಸಂಖ್ಯೆ ಎಷ್ಟು?" ಎಂದರೆ ತಾಯಿಯ ಸಂಖ್ಯೆಯನ್ನೇ ಹೇಳಿಬಿಡುತ್ತಿತ್ತು. ಆ ಸಂಖ್ಯೆ ನಂಬಿ ಮಗು "ನನ್ನನ್ನು ನಿಲ್ಲಿಸು" ಎಂದರೆ ನಿಲ್ಲುವುದು ತಾಯಿ! ಇಂಥ ತೊಡಕುಗಳಿಂದಾಗಿ 2017ರಲ್ಲಿ ಬಂದ 2.25ನೇ ಆವೃತ್ತಿಯಲ್ಲಿ ನೆನಪಿಡುವ ಕ್ರಮವನ್ನೇ ತೆಗೆದುಹಾಕಿದರು.

ಈಗ ಕೈಪಿಡಿ ಬರೆಯುವವರ ಕಷ್ಟ ಯೋಚಿಸಿ. ಕರ್ನಲ್ ಬದಲಾಗಲಿಲ್ಲ, ಕೋರಿಕೆಯ ಹೆಸರೂ ಬದಲಾಗಲಿಲ್ಲ, ಆದರೂ ಪುಟ ಬದಲಾಗಬೇಕು. ಹಳೆಯ ಸಾಲನ್ನು ಅಳಿಸಿ ಹೊಸದು ಬರೆದರೆ ಸಾಲದು, ಹಳೆ ಲೈಬ್ರರಿಯ ಯಂತ್ರಗಳು ಇನ್ನೂ ಓಡುತ್ತಿರುತ್ತವೆ. ಅದಕ್ಕೇ ಗೆಟ್‌ಪಿಡ್ ಪುಟದಲ್ಲಿ "2.3.4ರಿಂದ 2.24ರವರೆಗೆ ಹೀಗಿತ್ತು" ಎಂಬ ವಿವರ ಇವತ್ತಿಗೂ ಇದೆ. 2004ರಿಂದ ಹಲವು ವರ್ಷ ಈ ಪುಟಗಳನ್ನು ನೋಡಿಕೊಂಡವರು ಮೈಕಲ್ ಕೆರಿಸ್ಕ್. ಹೊಸದನ್ನು ಸೇರಿಸುವುದಕ್ಕಿಂತ ಹಳೆಯದನ್ನು ಸರಿಯಾಗಿ ಉಳಿಸುವುದೇ ಕಷ್ಟದ ಕೆಲಸ ಅಂತ ನನಗನ್ನಿಸುತ್ತದೆ.

ಫೈಲು ತೆರೆಯುವ 'ಓಪನ್' ಕೂಡ ಹಾಗೇ: 2.26ರಿಂದ ಲೈಬ್ರರಿ ಒಳಗೊಳಗೇ 'ಓಪನ್‌ಆಟ್' ಎಂಬ ಬೇರೆ ಕೋರಿಕೆಯನ್ನು ಕಳಿಸುತ್ತದೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಇದನ್ನು ನೋಡುವುದು ಸುಲಭ. ಕೇರಳದ ಶಾಲಾ ಕಂಪ್ಯೂಟರುಗಳಲ್ಲಿರುವುದು ಲಿನಕ್ಸ್. ಟರ್ಮಿನಲ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಎಲ್‌ಡಿಡಿ', ಜಾಗ ಬಿಟ್ಟು ಎರಡು ಅಡ್ಡಗೆರೆ, ಅದಕ್ಕೆ ಅಂಟಿಸಿ 'ವರ್ಶನ್' ಎಂದು ಟೈಪ್ ಮಾಡಿ. ಮೊದಲ ಸಾಲಿನ ಕೊನೆಯಲ್ಲಿ ಸಂಖ್ಯೆ ಕಾಣುತ್ತದೆ. ಅದು 2.24 ಇದ್ದರೆ, ನಿಮ್ಮ ಟೈಮ್ ಕೀಪರ್ ಇನ್ನೂ ನೆನಪಿನಿಂದಲೇ ಉತ್ತರ ಹೇಳ್ತಿದ್ದಾರೆ.