ಸಾಂಬ್ರಾಕ್ಕೆ ಬಂದ ಸಪೂರ ಜೆಟ್‌ನ ವಂಶಾವಳಿ

ರಾಮದುರ್ಗ ತಾಲೂಕಿನ ಶಬರಿಕೊಳ್ಳದ ಪಕ್ಕದ ಸುರೇಬಾನದವರು ವಿಮಾನ ಹತ್ತಬೇಕೆಂದರೆ ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ. 2019ರಲ್ಲಿ ಈ ಎರಡೂ ಕಡೆ ಒಂದು ಸಪೂರ ಜೆಟ್ ಇಳಿಯತೊಡಗಿತು. ಘೋಡಾವತ್ ಸಮೂಹದ ಸ್ಟಾರ್ ಏರ್ ಕಂಪನಿ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಡಿ ತಂದ ಐವತ್ತು ಸೀಟಿನ ಎಂಬ್ರೇಯರ್ 145 ಅದು. ಬಾಗಿಲೇ ಕೆಳಕ್ಕೆ ಮಡಚಿಕೊಂಡು ಮೆಟ್ಟಿಲಾಗುತ್ತದೆ. ಒಳಗೆ ಎಡಕ್ಕೆ ಒಂದೊಂದು ಸೀಟು, ಬಲಕ್ಕೆ ಎರಡೆರಡು, ನಡುವೆ ಒಬ್ಬರು ದಾಟುವಷ್ಟು ಓಣಿ. ಆರಡಿ ಆಳಾದರೆ ತಲೆ ಜೋಪಾನ. ಸಿರಿವಂತರ ಖಾಸಗಿ ಜೆಟ್‌ನ ಒಡಲೂ ಇದೇ ಎಂಬುದು ಅದರಲ್ಲಿ ಕೂತು ಬೆಂಗಳೂರಿಗೆ ಹೋದ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ.

ಬ್ರೆಜಿಲ್‌ನ ಎಂಬ್ರೇಯರ್ ಹುಟ್ಟಿದ್ದು 1969ರಲ್ಲಿ. ಅದರ ಬ್ರಸೀಲಿಯಾ ಎಂಬ ಪಂಖದ ವಿಮಾನ ಚೆನ್ನಾಗಿ ಹೆಸರು ಮಾಡಿತು. ಅದರದೇ ಒಡಲನ್ನು ಉದ್ದ ಮಾಡಿ, ಹಿಂಬದಿಗೆ ಎರಡು ಜೆಟ್ ಎಂಜಿನ್ ಕೂರಿಸಿದಾಗ ಆದದ್ದೇ 145. ಮೊದಲ ಹಾರಾಟ 1995ರ ಆಗಸ್ಟ್‌ನಲ್ಲಿ. ಮುಂದೆ 145ರ ಗಿಡ್ಡ ತಮ್ಮನಾದ 135ರಿಂದ ಸಾಲು ಸೀಟು ತೆಗೆದು, ಹದಿಮೂರು ಮಂದಿಗೆ ಸೋಫಾ ಹಾಕಿ, ಹೆಚ್ಚಿನ ಇಂಧನ ತೊಟ್ಟಿ ಇಟ್ಟು ಲೆಗಸಿ ಎಂಬ ಬಿಸಿನೆಸ್ ಜೆಟ್ ಮಾಡಿದರು. ಮಧ್ಯಮ ಗಾತ್ರದ ಜೆಟ್‌ಗಳಿಗಿಂತ ಇದು ಒಂದು ಮೆಟ್ಟಿಲು ಮೇಲೆ. ನಮ್ಮ ವಾಯುಪಡೆ ಗಣ್ಯರ ಓಡಾಟಕ್ಕೆ ಇಟ್ಟುಕೊಂಡದ್ದೂ ಇದನ್ನೇ.

ಮಧ್ಯಮ ಗಾತ್ರದ ಜೆಟ್ ಎಂಬ ವರ್ಗಕ್ಕೆ ನೆಲೆ ಕೊಟ್ಟದ್ದು 1962ರಲ್ಲಿ ಹಾರಿದ ಬ್ರಿಟನ್ನಿನ ಡಿ ಹ್ಯಾವಿಲ್ಯಾಂಡ್ 125. ಮುಂದೆ ಹಾಕರ್ ಎಂದು ಹೆಸರು ಬದಲಿಸಿಕೊಂಡು ಐವತ್ತು ವರ್ಷ ತಯಾರಾಯಿತು. ಇಂದಿನ ಮಾದರಿಗೆ ಸೆಸ್ನಾ ಕಂಪನಿಯ ಸೈಟೇಶನ್ ಎಕ್ಸ್‌ಎಲ್‌ಎಸ್ ನೋಡಬಹುದು. ಎಂಟು-ಒಂಬತ್ತು ಜನ, ಸುಮಾರು 3,800 ಕಿ.ಮೀ. ಓಟ. ಬೆಳಗಾವಿಯಿಂದ ದಿಲ್ಲಿಗೂ ದುಬೈಗೂ ಒಂದೇ ಉಸಿರಿಗೆ ತಲುಪುತ್ತದೆ. ಲಂಡನ್ ಮಾತ್ರ ಇದರ ಕೈಗೆಟುಕದು.

ಇಂಥ ಜೆಟ್‌ನ ದೊಡ್ಡ ಗುಣ ವೇಗವಲ್ಲ, ರನ್‌ವೇ. ಸಮುದ್ರ ಮಟ್ಟದಲ್ಲಿ ಎಕ್ಸ್‌ಎಲ್‌ಎಸ್‌ಗೆ ಮೇಲೇರಲು ಸುಮಾರು 1,100 ಮೀಟರ್ ಸಾಕು. ಸಾಂಬ್ರಾ ಇರುವುದು ಸುಮಾರು 758 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಏಪ್ರಿಲ್ ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೂ ಎಂಜಿನ್‌ಗೂ ಬಲ ಕಡಿಮೆ ಸಿಕ್ಕು ಓಟ ಉದ್ದವಾಗುತ್ತದೆ. ಆದರೂ ಅಲ್ಲಿನ 2,300 ಮೀಟರ್ ರನ್‌ವೇ ಧಾರಾಳ. ಮೈಸೂರಿನ 1,740 ಮೀಟರ್‌ನಲ್ಲೂ ನಡೆಯುತ್ತದೆ. ಮೆಟ್ಟಿಲು ತನ್ನದೇ, ನಿಂತಲ್ಲಿ ವಿದ್ಯುತ್ ಕೊಡುವ ಪುಟ್ಟ ಎಂಜಿನ್ ತನ್ನದೇ; ಸಣ್ಣ ನಿಲ್ದಾಣಕ್ಕೆ ಹೊರೆಯಾಗದ ಅತಿಥಿ. ಸ್ಟ್ರೆಚರ್ ಕೂರಿಸಿದರೆ ವೈದ್ಯರೂ ಉಪಕರಣವೂ ಜೊತೆಗೆ ಹಿಡಿಸುತ್ತವೆ.

ದೋಷಕ್ಕೆ ಬಂದರೆ ಇಂಧನದ ಲೆಕ್ಕವೇ ಮೊದಲು. ಎಕ್ಸ್‌ಎಲ್‌ಎಸ್ ಗಂಟೆಗೆ ಹೆಚ್ಚುಕಮ್ಮಿ 800 ಲೀಟರ್ ಕುಡಿಯುತ್ತದೆ. ಎಪ್ಪತ್ತು ಜನರನ್ನು ಹೊರುವ ಎಟಿಆರ್ ಎಂಬ ಪಂಖದ ವಿಮಾನ ಕುಡಿಯುವುದು ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಎಂಟು ಜನರ ಸಮಯಕ್ಕೆ ಎಪ್ಪತ್ತು ಜನರ ಇಂಧನ! ಅದೂ ಬೆಂಗಳೂರು–ಬೆಳಗಾವಿಯಂಥ ಕಿರುದಾರಿಯಲ್ಲಿ ಜೆಟ್ ಎತ್ತರಕ್ಕೇರಿ ನಿರಾಳವಾಗುವ ಹೊತ್ತಿಗೆ ಇಳಿಯುವ ಸಮಯ. ಪಂಖದ ವಿಮಾನಕ್ಕೂ ಇದಕ್ಕೂ ಉಳಿಯುವ ವ್ಯತ್ಯಾಸ ಕೆಲವೇ ನಿಮಿಷ. ಹಾರಲಿ ಬಿಡಲಿ, ಪೈಲಟ್‌ಗಳ ಸಂಬಳ, ವಿಮೆ, ತಪಾಸಣೆಯ ಖರ್ಚು ನಿಲ್ಲುವುದಿಲ್ಲ. ವರ್ಷಕ್ಕೆ ಹತ್ತಾರು ದಿನ ಮಾತ್ರ ಬೇಕಾದವರು ಸ್ವಂತಕ್ಕೆ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ದುಂದು. ಬಾಡಿಗೆಯೇ ಲೇಸು.

ಮತ್ತೆ ಎಂಬ್ರೇಯರ್‌ಗೆ ಬಂದರೆ, ಸಾಲು ಸೀಟು, ಸೋಫಾಗಳ ನಂತರ ಅದರ ಒಡಲಿಗೆ ಮೂರನೆಯ ಬದುಕು ಕೊಟ್ಟದ್ದು ಬೆಂಗಳೂರು. 1999ರ ಜನವರಿಯಲ್ಲಿ ಅರಕ್ಕೋಣಂ ಬಳಿ, ಆಕಾಶದಿಂದಲೇ ಕಣ್ಗಾವಲಿಡುವ ಪ್ರಾಯೋಗಿಕ ರಾಡಾರ್ ಹೊತ್ತ ಆವ್ರೋ ವಿಮಾನ ಬಿದ್ದು ಎಂಟು ಜನ ತೀರಿಕೊಂಡರು. ಆ ಯೋಜನೆ ಅಲ್ಲಿಗೇ ನಿಂತಿತು. ಆದರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಬೆಂಗಳೂರಿನ ಕ್ಯಾಬ್ಸ್ ಪ್ರಯೋಗಾಲಯ ಕನಸು ಬಿಡಲಿಲ್ಲ. ಈ ಬಾರಿ ಅದು ಆರಿಸಿಕೊಂಡದ್ದು ಎಂಬ್ರೇಯರ್ 145. ಬೆನ್ನ ಮೇಲೆ ನೀಳ ತೊಲೆಯಂಥ ರಾಡಾರ್, ಒಳಗೆ ಸೀಟಿನ ಜಾಗದಲ್ಲಿ ಪರದೆಗಳು, ಮೂತಿಯ ಮೇಲೆ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ಕೊಳವೆ. 2017ರ ಫೆಬ್ರುವರಿ 14ರಂದು ಯಲಹಂಕದ ಏರೋ ಇಂಡಿಯಾದಲ್ಲಿ ಅದು ‘ನೇತ್ರ’ ಎಂಬ ಹೆಸರಿನಲ್ಲಿ ವಾಯುಪಡೆಯ ಕೈ ಸೇರಿತು. ಆ ಎಂಟು ಜನರ ನಂತರ ಹದಿನೆಂಟು ವರ್ಷಕ್ಕಾದರೂ ಈ ಕೆಲಸವನ್ನು ಮುಗಿಸಿದವರ ಬಗ್ಗೆ ನನಗೆ ಅಪಾರ ಗೌರವ.

ಉಡಾನ್‌ನ ಸಹಾಯಧನಕ್ಕೆ ಮೂರು ವರ್ಷದ ಮಿತಿ. ಅದು ಮುಗಿದ ಮೇಲೆ ಸೀಟು ತುಂಬದ ದಾರಿಗಳಲ್ಲಿ ಹಾರಾಟ ನಿಂತುಬಿಡುತ್ತದೆ. ರಾಮದುರ್ಗ, ಸವದತ್ತಿ, ಬೈಲಹೊಂಗಲದ ಕಡೆಯವರು ಸಾಂಬ್ರಾದಿಂದ ಕೇಳಬೇಕಾದದ್ದು ಸೋಫಾದ ಜೆಟ್ ಅಲ್ಲ. ಬೆಳಿಗ್ಗೆ ಹೋಗಿ ಬೆಂಗಳೂರಿನ ಕಚೇರಿ ಕೆಲಸವೋ ಆಸ್ಪತ್ರೆಯೋ ಮುಗಿಸಿ ಸಂಜೆ ಮರಳುವ, ಐವತ್ತೋ ಎಪ್ಪತ್ತೋ ಸೀಟಿನ, ತಪ್ಪದೆ ಬರುವ ವಿಮಾನ. ಖಾಸಗಿ ಜೆಟ್ ಇಳಿಯುವುದಾದರೆ ರೋಗಿಗಾಗಿ ಇಳಿಯಲಿ. ಅದಕ್ಕೆ ಬೇಕಾದ ರನ್‌ವೇ ಅಲ್ಲಿ ಈಗಾಗಲೇ ಇದೆ.