ರೈಸ್ ‘ಸರ್’ ಆಗಿರಲಿಲ್ಲ

ಕೋಲಾರ ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 10ನೇ ಸಂಪುಟ ಅಚ್ಚಾದದ್ದು 1905ರಲ್ಲಿ. ಮುಳಬಾಗಿಲಿನದೋ ಮಾಲೂರಿನದೋ ಶ್ರೀನಿವಾಸಪುರದ್ದೋ ಹೊಲದ ಬದುವಿನಲ್ಲಿ ವಾಲಿ ನಿಂತ ಒಂದು ವೀರಗಲ್ಲಿನಲ್ಲಿ ಏನು ಬರೆದಿದೆ ಎಂದು ತಿಳಿಯಬೇಕಾದವರು ಇಂದಿಗೂ ಮೊದಲು ಹುಡುಕುವುದು ಅದನ್ನೇ. ಅದನ್ನು ಸಿದ್ಧಪಡಿಸಿದವರ ಹೆಸರು ಹೀಗಿದೆ: ಬಿ. ಲೂಯಿಸ್ ರೈಸ್, ಸಿ.ಐ.ಇ., ಎಂ.ಆರ್.ಎ.ಎಸ್.

ಈ ಅಕ್ಷರಗಳನ್ನು ಕಂಡ ಎಷ್ಟೋ ಜನ ಭಾಷಣದಲ್ಲಿ ‘ಸರ್ ಲೂಯಿಸ್ ರೈಸ್’ ಎಂದುಬಿಡುತ್ತಾರೆ. ಎಂ.ಆರ್.ಎ.ಎಸ್. ಎಂಬುದು ಲಂಡನ್ನಿನ ಯಾವುದೋ ದೊಡ್ಡ ಡಿಗ್ರಿ ಎಂದುಕೊಂಡವರೂ ಉಂಟು. ಎರಡೂ ತಪ್ಪು.

ಸಿ.ಐ.ಇ. ಎಂದರೆ ‘ಕಂಪ್ಯಾನಿಯನ್ ಆಫ್ ದಿ ಆರ್ಡರ್ ಆಫ್ ದಿ ಇಂಡಿಯನ್ ಎಂಪೈರ್’. 1878ರಲ್ಲಿ ಸ್ಥಾಪನೆಯಾದ ಈ ಗೌರವದಲ್ಲಿ ಮುಂದೆ ಮೂರು ಮೆಟ್ಟಿಲುಗಳಾದವು: ಕೆಳಗೆ ಸಿ.ಐ.ಇ., ನಡುವೆ ಕೆ.ಸಿ.ಐ.ಇ., ಮೇಲೆ ಜಿ.ಸಿ.ಐ.ಇ. ‘ನೈಟ್’ ಎನಿಸಿಕೊಂಡು ‘ಸರ್’ ಸೇರಿಸಿಕೊಳ್ಳುವ ಹಕ್ಕು ಮೇಲಿನ ಎರಡಕ್ಕೆ ಮಾತ್ರ. ಕೆಳಗಿನ ಮೆಟ್ಟಿಲಿನವರಿಗೆ ಹೆಸರಿನ ಕೊನೆಯ ಮೂರಕ್ಷರವಷ್ಟೇ.

ಇದಕ್ಕೆ ಸಾಕ್ಷಿ ನಮ್ಮ ವಿಶ್ವೇಶ್ವರಯ್ಯನವರೇ. ಅವರ ಹುಟ್ಟೂರು ಮುದ್ದೇನಹಳ್ಳಿ 2007ರವರೆಗೂ ಕೋಲಾರ ಜಿಲ್ಲೆಯಲ್ಲೇ ಇತ್ತು. 1911ರಲ್ಲಿ ಅವರಿಗೆ ಸಿ.ಐ.ಇ. ಬಂತು, ಆಗ ಅವರು ‘ಸರ್’ ಆಗಲಿಲ್ಲ. 1912ರಲ್ಲಿ ಮೈಸೂರಿನ ದಿವಾನರಾದಾಗಲೂ ‘ಸರ್’ ಅಲ್ಲ. 1915ರಲ್ಲಿ ಕೆ.ಸಿ.ಐ.ಇ. ಬಂದ ಮೇಲೆಯೇ ಅವರು ಸರ್ ಎಂ.ವಿ. ಆದದ್ದು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾದ ಸಂದರ್ಭವನ್ನು ಹೇಳುತ್ತಾ ‘ಆಗ ಸರ್ ಎಂ.ವಿ. ಅವರು’ ಎನ್ನುವುದು ಪ್ರೀತಿಯ ಮಾತು. ಇತಿಹಾಸವಾಗಿ ನಾಲ್ಕು ವರ್ಷ ಮುಂಚೆ ಕೊಟ್ಟ ಬಿರುದು. ಇನ್ನೊಂದು ವಿಷಯ: ಒಂದೇ ಗೌರವದಲ್ಲಿ ಮೇಲಿನ ಮೆಟ್ಟಿಲು ಸಿಕ್ಕರೆ ಕೆಳಗಿನದನ್ನು ಬಿಡಬೇಕು. ‘ಕೆ.ಸಿ.ಐ.ಇ., ಸಿ.ಐ.ಇ.’ ಎಂದು ಎರಡನ್ನೂ ಸಾಲಾಗಿ ಬರೆಯುವಂತಿಲ್ಲ.

‘ಸರ್ ವಿಶ್ವೇಶ್ವರಯ್ಯ’ ಎನ್ನಬಾರದು, ಪೂರ್ತಿ ಹೆಸರೇ ಬೇಕು ಎಂಬ ವಾದವೂ ಕೇಳಿಬರುತ್ತದೆ. ಬ್ರಿಟಿಷರ ಪದ್ಧತಿಯಲ್ಲಿ ‘ಸರ್’ ಅಂಟುವುದು ವ್ಯಕ್ತಿಯ ಸ್ವಂತ ಹೆಸರಿಗೆ, ಮನೆತನದ ಹೆಸರಿಗಲ್ಲ. ಮಾರ್ಕ್ ಕಬ್ಬನ್ ಅವರನ್ನು ‘ಸರ್ ಮಾರ್ಕ್’ ಎಂದರೆ ಸರಿ, ‘ಸರ್ ಕಬ್ಬನ್’ ಎಂದರೆ ತಪ್ಪು. ಮೋಕ್ಷಗುಂಡಂ ಎಂಬುದು ಪೂರ್ವಿಕರ ಊರು, ವಿಶ್ವೇಶ್ವರಯ್ಯ ಎಂಬುದು ಇಟ್ಟ ಹೆಸರು. ಹಾಗಾಗಿ ನಮ್ಮ ಹಳ್ಳಿಯ ಹಿರಿಯರು ‘ಸರ್ ವಿಶ್ವೇಶ್ವರಯ್ಯ’ ಎನ್ನುವುದೇ ಸರಿ.

ಬಂಗಾರಪೇಟೆಗೆ ಮೊದಲು ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಅವರನ್ನೂ ನಮ್ಮವರು ‘ಸರ್’ ಮಾಡಿದ್ದಾರೆ. ಅವರಿಗಿದ್ದದ್ದು ಸಿ.ಎಸ್.ಐ., ಅಂದರೆ ಸ್ಟಾರ್ ಆಫ್ ಇಂಡಿಯಾದ ಕೆಳಮೆಟ್ಟಿಲು. ಗೊಂದಲಕ್ಕೆ ಕಾರಣವೂ ಇದೆ: ಹಾಂಗ್‌ಕಾಂಗಿನ ಗವರ್ನರಾಗಿದ್ದ ಅವರ ತಂದೆ ಸರ್ ಜಾನ್ ಬೌರಿಂಗ್, ಮೈಸೂರಿನಲ್ಲಿ ಅವರಿಗಿಂತ ಮುಂಚೆ ಕಮಿಷನರಾಗಿದ್ದವರು ಸರ್ ಮಾರ್ಕ್ ಕಬ್ಬನ್.

ಇದಕ್ಕೆ ತಿರುಗುಮುರುಗಾದ ಸಂಗತಿ ಸರ್ ಸಿ.ವಿ. ರಾಮನ್ ಅವರದು. 1929ರಲ್ಲಿ ಅವರಿಗೆ ಬಂದದ್ದು ‘ನೈಟ್ ಬ್ಯಾಚುಲರ್’. ಹೆಸರಿನ ಮುಂದೆ ‘ಸರ್’ ಬರುತ್ತದೆ, ಕೊನೆಗೆ ಕೆ.ಸಿ.ಐ.ಇ.ಯಂಥ ಅಕ್ಷರ ಬರುವುದಿಲ್ಲ. ಅವರ ಹೆಸರಿನ ಕೊನೆಗಿದ್ದ ಎಫ್.ಆರ್.ಎಸ್. ಅರಸನ ಗೌರವವಲ್ಲ, 1924ರಲ್ಲಿ ರಾಯಲ್ ಸೊಸೈಟಿಯ ವಿಜ್ಞಾನಿಗಳು ಅವರನ್ನು ಆರಿಸಿಕೊಂಡದ್ದರ ಗುರುತು.

ಇನ್ನು ರೈಸ್ ಅವರ ಎಂ.ಆರ್.ಎ.ಎಸ್. ಅದು 1823ರಲ್ಲಿ ಲಂಡನ್ನಿನಲ್ಲಿ ಶುರುವಾದ ರಾಯಲ್ ಏಷಿಯಾಟಿಕ್ ಸೊಸೈಟಿಯ ಸದಸ್ಯತ್ವ. ಸದಸ್ಯರು ಹೆಸರು ಸೂಚಿಸಬೇಕಿತ್ತು, ಚಂದಾ ಕಟ್ಟಬೇಕಿತ್ತು, ಪರೀಕ್ಷೆ ಇರಲಿಲ್ಲ. ಇದರಿಂದ ರೈಸ್ ಚಿಕ್ಕವರಾಗುವುದಿಲ್ಲ. ಅವರ ವಿದ್ವತ್ತಿನ ಪುರಾವೆ ಆ ಸಂಪುಟದ ಒಳಗಿನ ನೂರಾರು ಶಾಸನಪಾಠಗಳಲ್ಲಿದೆ.

ಆಸ್ಪತ್ರೆಯ ಬೋರ್ಡುಗಳನ್ನು ಓದುವಾಗಲೂ ಯಾವ ಅಕ್ಷರ ಪರೀಕ್ಷೆಯಿಂದ ಬಂದದ್ದು, ಯಾವುದು ಅಲ್ಲ ಎಂಬ ವ್ಯತ್ಯಾಸ ಗೊತ್ತಿರಬೇಕು, ಅದು ರೋಗಿಗೆ ಬೇಕಾದ ತಿಳಿವಳಿಕೆ. ಎಂ.ಆರ್.ಸಿ.ಪಿ. ಬ್ರಿಟನ್ನಿನ ವೈದ್ಯ ಕಾಲೇಜುಗಳು ನಡೆಸುವ ಪರೀಕ್ಷೆ ಪಾಸಾದವರಿಗೆ ಸಿಗುತ್ತದೆ. ಎಫ್.ಆರ್.ಸಿ.ಪಿ. ಅದಕ್ಕೂ ಮುಂದಿನ ಪರೀಕ್ಷೆ ಎಂಬುದು ತಪ್ಪು ತಿಳಿವಳಿಕೆ. ಅನುಭವಿ ವೈದ್ಯರನ್ನು ಕಾಲೇಜು ಆರಿಸಿ ಕೊಡುವ ಮನ್ನಣೆ ಅದು.

ಸ್ವಾತಂತ್ರ್ಯದ ಮೇಲೆ ಕಥೆ ಬದಲಾಯಿತು. ಅದಕ್ಕೂ ಮುಂಚೆ ಮೈಸೂರು ಅರಸರು ಮಾಲೂರು ತಾಲ್ಲೂಕಿನ ಮಾಸ್ತಿಯವರಿಗೆ ಕೊಟ್ಟ ‘ರಾಜಸೇವಾಸಕ್ತ’ ಹೆಸರಿಗೆ ಮುಂಚೆ ಬರುವ ಬಿರುದು. ಸಂವಿಧಾನದ 18ನೇ ವಿಧಿ ಅಂಥ ಬಿರುದುಗಳನ್ನು ಸರ್ಕಾರ ಕೊಡದಂತೆ ತಡೆಯಿತು. ಸೇನೆಯ ಮತ್ತು ವಿದ್ಯೆಯ ಮನ್ನಣೆಗಳಿಗೆ ಮಾತ್ರ ವಿನಾಯಿತಿ. ಪದ್ಮ ಪ್ರಶಸ್ತಿಗಳು, ಭಾರತರತ್ನ ಬಿರುದುಗಳಲ್ಲ, ಅವನ್ನು ಹೆಸರಿನ ಮುಂದಾಗಲಿ ಹಿಂದಾಗಲಿ ಸೇರಿಸುವಂತಿಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ನಮ್ಮ ಸಮಾರಂಭಗಳ ಬ್ಯಾನರಿನಲ್ಲಿ ‘ಭಾರತರತ್ನ ಸರ್ ಎಂ.ವಿ.’ ಎಂದೇ ಇರುತ್ತದೆ. ಅಲ್ಲಿ ಹೆಸರಿಗೆ ಸೇರುವ ಹಕ್ಕಿರುವುದು ‘ಸರ್’ಗೆ ಮಾತ್ರ.

ಮುಳಬಾಗಿಲಿನಲ್ಲಿ ಹುಟ್ಟಿದ ಗುಂಡಪ್ಪನವರನ್ನು ‘ಪದ್ಮಭೂಷಣ ಡಾ. ಡಿ.ವಿ.ಜಿ.’ ಎಂದು ಬರೆಯುತ್ತೇವೆ. ಪದ್ಮಭೂಷಣ ಬಂದದ್ದು 1974ರಲ್ಲಿ. ‘ಪ್ರಶಸ್ತಿ ಪಡೆದವರು’ ಎಂದು ಹೇಳಬಹುದು, ಹೆಸರಿಗೆ ಹಚ್ಚುವಂತಿಲ್ಲ. ‘ಡಾ.’ ಎಂಬುದು 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕೊಟ್ಟ ಗೌರವ ಡಿ.ಲಿಟ್. ಅವರು ಮೆಟ್ರಿಕ್ಯುಲೇಷನ್ ಪಾಸಾದವರಲ್ಲ. ಹೆಸರಿನ ಮೊದಲ ಎರಡಕ್ಷರ ಯಾರೂ ಕೊಟ್ಟ ಗೌರವವಲ್ಲ: ಡಿ. ಎಂದರೆ ದೇವನಹಳ್ಳಿ, ವಿ. ಎಂದರೆ ತಂದೆ ವೆಂಕಟರಮಣಯ್ಯ.